ಶಿವಲಕ್ಷ್ಮಿಯ ಎರಡನೆಯ ಸುತ್ತು

ಈ ಕಥೆಯನ್ನು ಮೂರು ಊರುಗಳಲ್ಲಿ ಮೂರು ಬಗೆಯಾಗಿ ಹೇಳುತ್ತಾರೆ. ಹುಡುಗಿ ಕೈಯನ್ನು ಮೂರು ಸಲ ತಿರುಗಿಸಿ ಚೆಂಡು ಬಿಟ್ಟಳೆಂದು ಜಹೀರಾಬಾದಿನವರ ಮಾತು. ನಾರಾಯಣಖೇಡದವರು ಐದು ಎನ್ನುತ್ತಾರೆ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಬಂಡೆಯ ಅಂಗಡಿಯೊಂದರ ಮುಂದೆ ಕುಳಿತಿದ್ದವರು ಏಳಕ್ಕಿಂತ ಕಡಿಮೆಗೆ ಒಪ್ಪಲೇ ಇಲ್ಲ. ಕೈ ಯಾರದೋ ಅವಳು ಹೇಳುವುದು ಎರಡು. ನನ್ನಂತೆ ಊರೂರಿನ ಹಾಡು, ಕಥೆ ಸಂಗ್ರಹಿಸುವವನು ಎಲ್ಲ ಪಾಠಗಳನ್ನೂ ಗುರುತು ಹಾಕಿಕೊಳ್ಳಬೇಕು, ನಿಜ. ಆದರೆ ಎಣಿಕೆಯ ವಿಷಯದಲ್ಲಿ ನಾನು ಅವಳ ಮಾತನ್ನೇ ಹಿಡಿದಿದ್ದೇನೆ. ಯಾಕೆಂದರೆ ಇಡೀ ಕಥೆ ನಿಂತಿರುವುದು ಆ ಎಣಿಕೆಯ ಮೇಲೆ.

ಕನ್ನಡ-ತೆಲುಗು ಗಡಿಯ ಊರು ಕಂಗ್ಟಿಯ ಹೊರವಲಯದ ರೈತ ಪಾಂಡಪ್ಪನ ಮಗಳು ಶಿವಲಕ್ಷ್ಮಿ ನಾರಾಯಣಖೇಡದ ಮಹಿಳಾ ಕಾಲೇಜೊಂದರಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿದ್ದಳು. ವಾರವೆಲ್ಲ ಹಾಸ್ಟೆಲಿನಲ್ಲಿದ್ದು ಶನಿವಾರ ಊರಿಗೆ ಬರುವಳು. ಜೋಳ ಹಾಲುಗಾಳಾಗುವ ತಿಂಗಳುಗಳಲ್ಲಿ ಅವಳ ಭಾನುವಾರ ಹೊಲದ ಅಟ್ಟಣಿಗೆಯ ಮೇಲೆ ಕಳೆಯುತ್ತಿತ್ತು. ಅಲ್ಲಿ ಅವಳ ತಂದೆಯ ತಾಯಿ ಚಂದ್ರಾಬಾಯಿ ಕವಣೆ ಹಿಡಿದು ಹಕ್ಕಿ ಕಾಯುತ್ತಾಳೆ. ಆ ಸೀಮೆಯಲ್ಲಿ ಬಹಳ ಮಂದಿ ಕವಣೆಯನ್ನು ತಲೆಯ ಮೇಲೆ ಬೀಸುತ್ತಾರೆ. ಚಂದ್ರಾಬಾಯಿ ಮಾತ್ರ ಮಗ್ಗುಲಲ್ಲಿ, ಬಾವಿಯ ರಾಟೆ ತಿರುಗಿದ ಹಾಗೆ, ಕೆಳಗಿನಿಂದ ಮೇಲಕ್ಕೆ ಬೀಸುವವಳು. ಸರಿಯಾಗಿ ಎರಡು ಸುತ್ತು. ಮೊದಲನೆಯದರಲ್ಲಿ ಕೈ ಕಲ್ಲಿನ ತೂಕ ತಿಳಿಯುತ್ತದೆ, ಎರಡನೆಯದರಲ್ಲಿ ದಿಕ್ಕು ಹಿಡಿಯುತ್ತದೆ ಎಂದು ಅವಳು ಮೊಮ್ಮಗಳಿಗೆ ಆರು ವರ್ಷದವಳಿದ್ದಾಗಲೇ ಕಲಿಸಿದ್ದಳು.

ಅದೇ ವರ್ಷ ಕಾಲೇಜಿಗೆ ಸಾಫ್ಟ್‌ಬಾಲ್ ಆಟದ ಸಾಮಾನು ಬಂತು. ಹಳದಿ ಚೆಂಡುಗಳು, ಎರಡು ಬ್ಯಾಟು, ಒಂದು ಚೀಲ ತುಂಬ ಚರ್ಮದ ಕೈಗವಸು. ದೈಹಿಕ ಶಿಕ್ಷಣದ ಮಹಾನಂದಾ ಮೇಡಂ ತಮ್ಮ ಕಾಲದಲ್ಲಿ ಕಬಡ್ಡಿ ಆಡಿದವರು. ಈ ಆಟವನ್ನು ಅವರು ನಿಯಮದ ಪುಸ್ತಕದಿಂದಲೂ ಮೊಬೈಲಿನ ವಿಡಿಯೋಗಳಿಂದಲೂ ಕಲಿತು ಹುಡುಗಿಯರಿಗೆ ಕಲಿಸತೊಡಗಿದರು. ಮೈದಾನದ ನಡುವೆ ಸುಣ್ಣದಿಂದ ಬರೆದ ಒಂದು ವೃತ್ತ. ಅದರೊಳಗೆ ನಿಂತವಳು ಪಿಚರ್. ಅವಳು ಎದುರಿನ ಬ್ಯಾಟಿನವಳಿಗೆ ಚೆಂಡು ಎಸೆಯಬೇಕು. ಆದರೆ ಕೈ ಸೊಂಟದ ಕೆಳಗಿನಿಂದ ಬರಬೇಕು. ಕ್ರಿಕೆಟ್ ನೋಡಿ ಬೆಳೆದ ಹುಡುಗಿಯರಿಗೆ ಇದೇ ದೊಡ್ಡ ಪೇಚು.

"ಮ್ಯಾಲಿಂದ ಒಗಿಬಾರ್ದೇನ್ರಿ ಮೇಡಂ?" ಎಂದು ಕೇಳಿದವಳು ಸ್ವಾತಿ, ನಾರಾಯಣಖೇಡದ ಬಟ್ಟೆ ವ್ಯಾಪಾರಿಯ ಮಗಳು.

"ಒಗಿಬಾರ್ದು. ಕಾಯ್ದೆ ಹಂಗದ."

ಹಿಂದೆ ನಿಂತಿದ್ದ ಶಿವಲಕ್ಷ್ಮಿ ನಕ್ಕಳು. "ಇದು ಕವಣಿ ಅಲ್ಲೇನ್ರಿ ಮೇಡಂ? ಹಗ್ಗ ಒಂದು ಇಲ್ಲ, ಅಷ್ಟೇ."

"ಹಂಗಾರ ಬಾ, ಒಗ್ದು ತೋರ್ಸು."

ಅವಳು ಎಸೆದಳು. ಚೆಂಡು ಹಿಡಿಯಲು ಕುಳಿತಿದ್ದ ಕ್ಯಾಚರ್ ಬಸವೇಶ್ವರಿ ಕೈಗವಸಿನ ಸಮೇತ ಹಿಂದಕ್ಕೆ ಕುಸಿದು ಕೂತಳು. ಎದ್ದು ಲಂಗದ ಮಣ್ಣು ಕೊಡವುತ್ತ, "ಏ ಶಿವೀ, ನಾ ಹಕ್ಕಿ ಅಲ್ಲವ್ವಾ" ಎಂದಳು. ಮಹಾನಂದಾ ಮೇಡಂ ಅಂದೇ ಪಿಚರ್ ಯಾರೆಂದು ನಿರ್ಧರಿಸಿದರು.

ಆ ವೃತ್ತದಲ್ಲಿ ನಿಲ್ಲುವುದರಲ್ಲಿ ಅಂಥದೇನಿದೆ ಎಂದು ಮುಂದೊಮ್ಮೆ ಕೇಳಿದಾಗ ಶಿವಲಕ್ಷ್ಮಿ ಹೇಳಿದ ಮಾತನ್ನು ಹಾಗೆಯೇ ಬರೆದುಕೊಂಡಿದ್ದೇನೆ: "ನಾ ಒಗಿಯೋ ತನಕ ಆಟಾನೇ ಸುರು ಆಗಂಗಿಲ್ರಿ. ಎರಡೂ ಕಡೀದ ಮಂದಿ ನನ್ನ ಕೈ ನೋಡ್ಕೋತ ನಿಂದರ್ತಾರ. ಮನ್ಯಾಗ ನನ್ನ ಸಲುವಾಗಿ ಯಾರ್ ನಿಂದರ್ತಾರ? ಚಾ ಆರ್ತಾದಂತ ಸುದ್ದಾ ಕರಿಯಾಂಗಿಲ್ಲ."

ಸಂಕ್ರಾಂತಿಯ ನಂತರ ಪಂದ್ಯಗಳು ಮೊದಲಾದವು. ಜಹೀರಾಬಾದಿನ ಮೈದಾನದಲ್ಲಿ ಆ ಊರಿನ ಹುಡುಗಿಯರು ಬ್ಯಾಟು ಎತ್ತುವಷ್ಟರಲ್ಲಿ ಚೆಂಡು ಬಸವೇಶ್ವರಿಯ ಕೈಯಲ್ಲಿರುತ್ತಿತ್ತು. ಅವರಿಗೆ ಒಂದು ಓಟವೂ ಸಿಗಲಿಲ್ಲ. ಆಟ ಮುಗಿದ ಮೇಲೆ ಅಲ್ಲಿಯ ಹುಡುಗಿಯೊಬ್ಬಳು ಬಂದು ಶಿವಲಕ್ಷ್ಮಿಯ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಏನ್ ಹಚ್ಕೋತೀ ಅಕ್ಕಾ?" ಎಂದು ಕೇಳಿದಳಂತೆ. ಆಮೇಲೆ ನಾರಾಯಣಖೇಡದಲ್ಲೇ ಹೊರಗಿನ ಎರಡು ತಂಡಗಳ ಎದುರು ಎರಡು ಪಂದ್ಯ. ಎರಡೂ ಗೆದ್ದಾಯಿತು. ಫೈನಲ್ ತಾಂಡೂರಿನಲ್ಲಿ, ತಾಂಡೂರಿನವರ ಮೇಲೆಯೇ, ಹನ್ನೆರಡು ದಿನ ಬಿಟ್ಟು.

ಮೂರನೆಯ ಗೆಲುವಿನ ದಿನ ಸಂಜೆ ಅಂಕ ಬರೆಯಲು ಬಂದಿದ್ದ ನಿವೃತ್ತ ಶಿಕ್ಷಕ ಅಮರನಾಥ ಅವರು ಮೇಡಂ ಅವರನ್ನು ಬೇವಿನ ಗಿಡದ ಕೆಳಗೆ ಕರೆದರು.

"ಒಂದ್ ಮಾತ್ ಹೇಳ್ಲೇನ್ರಿ? ಬ್ಯಾಸರ ಮಾಡ್ಕೋಬ್ಯಾಡ್ರಿ."

"ಹೇಳ್ರಿ ಸರ್."

"ಆ ಹುಡುಗಿ ಕೈ ಎಷ್ಟ್ ಸುತ್ತು ತಿರಗತಾದಂತ ನೋಡೀರೇನು?"

ಮೇಡಂ ನೋಡಿರಲಿಲ್ಲ. ಮೂರು ತಿಂಗಳು ಅವರು ಚೆಂಡು ಎಲ್ಲಿ ಹೋಗಿ ಬೀಳುತ್ತದೆ ಎಂಬುದನ್ನೇ ನೋಡಿದ್ದರು. ಅಂಪೈರುಗಳ ಕಣ್ಣೂ ಬ್ಯಾಟಿನ ಮೇಲೆಯೇ ಇತ್ತು. ಅಂದು ಮನೆಗೆ ಹೋಗಿ ಪುಸ್ತಕ ತೆರೆದರು. ಪಿಚರಿನ ಕೈ ಒಂದೂವರೆ ಸುತ್ತಿಗಿಂತ ಹೆಚ್ಚು ತಿರುಗಕೂಡದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಕೆಳಗಿನಿಂದ ಹೊರಟ ಕೈ ಕೆಳಗೇ ಬಂದು ಚೆಂಡು ಬಿಡಬೇಕಾದ್ದರಿಂದ ಶಿವಲಕ್ಷ್ಮಿಗೆ ಸಲ್ಲುವುದು ಒಂದೇ ಸುತ್ತು. ಮೀರಿದರೆ ಆ ಎಸೆತ ಕೆಟ್ಟ ಎಸೆತ. ನಾಲ್ಕು ಕೆಟ್ಟ ಎಸೆತವಾದರೆ ಬ್ಯಾಟಿನವಳು ಆಡದೆಯೇ, ಒಂದು ಓಟಕ್ಕೆ ಮುಟ್ಟಬೇಕಾದ ನಾಲ್ಕು ನಿಲುಗಡೆಗಳಲ್ಲಿ ಮೊದಲನೆಯದಕ್ಕೆ, ಅಂದರೆ ಮೊದಲ ಬೇಸ್‌ಗೆ, ನಡೆದುಹೋಗುತ್ತಾಳೆ. ಆ ಪುಟದಲ್ಲಿ ಅವರೇ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಗೆರೆ ಈ ನಿಯಮದ ಮೇಲಿನ ಸಾಲಿಗೇ ಮುಗಿದಿತ್ತು.

ಮರುದಿನ ಅವರು ಶಿವಲಕ್ಷ್ಮಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. "ತಪ್ಪು ನಂದದ. ನಾ ನೋಡ್ಬೇಕಾಗಿತ್ತು. ಆದ್ರ ತಾಂಡೂರಾಗ ಅಂಪೈರ್ ಆತ್ಮಾರಾಮ ಅಂತ ಬರ್ತಾರ, ಭಾಳ ಕಾಯ್ದೆ ಮನುಷ್ಯ. ಒಂದೇ ಸುತ್ತಿಗಿ ಒಗಿಯೋದು ಕಲಿ. ಕಲ್ತರ ಮೊದಲನೇ ಚೆಂಡು ನಿಂದೇ. ಇಲ್ಲಂದ್ರ ಸ್ವಾತಿ ಒಗಿತಾಳ."

"ಮೂರ್ ತಿಂಗಳ ಬರೋಬರ್ ಇತ್ತು, ಈಗ ತಪ್ಪಾತೇನ್ರಿ?"

"ಆಗೂ ತಪ್ಪೇ ಇತ್ತು. ಯಾರೂ ನೋಡಿದ್ದಿಲ್ಲ."

ಶಿವಲಕ್ಷ್ಮಿ ಚೆಂಡು ಎತ್ತಿಕೊಂಡು ವೃತ್ತಕ್ಕೆ ಹೋದಳು.

ಆ ಹನ್ನೆರಡು ದಿನಗಳನ್ನು ಕುರಿತು ಎಲ್ಲರ ಹೇಳಿಕೆಯೂ ಒಂದೇ. ಕಥೆಯ ಬೇರೆ ಭಾಗಗಳಲ್ಲಿ ಭೇದವಿದೆ, ಇಲ್ಲಿ ಇಲ್ಲ. ಒಂದು ಸುತ್ತಿಗೆ ಎಸೆದರೆ ಚೆಂಡು ಅರ್ಧ ದಾರಿಯಲ್ಲಿ ಸೋತು ಬಸವೇಶ್ವರಿಯ ಪಾದದ ಮುಂದೆ ಪುಟಿಯುತ್ತಿತ್ತು. ಬಲ ಹಾಕಿದರೆ ದಿಕ್ಕು ತಪ್ಪುತ್ತಿತ್ತು. ದಿಕ್ಕು ಹಿಡಿದರೆ ಬಲ ಇರುತ್ತಿರಲಿಲ್ಲ. ಸ್ವಾತಿ ಹಿಂದೆ ನಿಂತು, ಕೈ ಎರಡನೆಯ ಸಲ ಮೇಲೇಳುವಾಗ ತೋಳು ಹಿಡಿದು ತಡೆಯುವಳು. ಒಮ್ಮೆ ಹಾಗೆ ಹಿಡಿಯಲು ಹೋಗಿ ಶಿವಲಕ್ಷ್ಮಿಯ ಮೊಣಕೈ ಗದ್ದಕ್ಕೆ ಬಡಿದು ತುಟಿ ಒಡೆದುಕೊಂಡಳು.

"ನೀ ಬೇಕಂತ್ಲೇ ಹೊಡೀತೀ" ಎಂದಳು ಸ್ವಾತಿ.

"ಬೇಕಂತ ಹೊಡ್ದಿದ್ರ ಹಲ್ಲ ಉಳೀತಿದ್ದಿಲ್ಲ. ನಿನಗೇನು, ನಾ ಕಲೀಲಿಲ್ಲಂದ್ರ ಚೆಂಡು ನಿನಗೇ."

"ನನಗ್ಯಾಕ್ ಬೇಕವಾ ಅದು? ನಾ ಒಗದ್ರ ಅವ್ರು ಹೊಡೀತಾರ, ನೀವೆಲ್ಲ ನನಗ ಬೈತೀರಿ. ಜಲ್ದಿ ಕಲಿ, ನನ್ನ ಬಿಡ್ಸು."

ಮೇಡಂ ಓಢಣಿಯೊಂದನ್ನು ಅವಳ ಮುಂಗೈಗೂ ಸೊಂಟಕ್ಕೂ ಕಟ್ಟಿ, ಒಂದೇ ಸುತ್ತಿನಷ್ಟು ಸಡಿಲು ಬಿಟ್ಟರು. ಕಟ್ಟು ಇರುವ ತನಕ ಕೈ ಒಂದು ಸುತ್ತಿಗೆ ನಿಲ್ಲುವುದು. ಬಿಚ್ಚಿದರೆ ಮತ್ತೆ ಎರಡು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೂ ಅವಳ ಬಲಗೈ ತನ್ನಷ್ಟಕ್ಕೆ ಅಲುಗುತ್ತಿತ್ತು ಎಂದು ಹಾಸ್ಟೆಲಿನ ಅಡುಗೆಯ ಸಾಯಮ್ಮ ಹೇಳುತ್ತಾಳೆ.

ನಡುವಿನ ಭಾನುವಾರ ಅವಳು ಊರಿಗೆ ಹೋದಳು. ಅಟ್ಟಣಿಗೆಯ ಮೇಲೆ ಕೂತು, ಆಯಿ ಚಂದ್ರಾಬಾಯಿಯ ಕೈಯಿಂದ ಕವಣೆ ತೆಗೆದುಕೊಂಡು, ಒಂದೇ ಸುತ್ತಿಗೆ ಕಲ್ಲು ಬಿಟ್ಟಳು. ಕಲ್ಲು ಹತ್ತಿರದ ಸಾಲಿನಲ್ಲೇ ಬಿತ್ತು. ತೆನೆಯ ಮೇಲಿದ್ದ ಹಕ್ಕಿಗಳು ಕತ್ತು ತಿರುಗಿಸಿ ನೋಡಿ ಮತ್ತೆ ತಿನ್ನತೊಡಗಿದವು.

ಚಂದ್ರಾಬಾಯಿ ಕಣ್ಣು ಕಿರಿದು ಮಾಡಿದಳು. "ಕೈ ನೋಯ್ತಾದೇನ?"

"ಇಲ್ಲ ಆಯಿ. ಒಂದೇ ಸುತ್ತು ಒಗೀಬೇಕಂತ. ಕಾಯ್ದೆ ಅದ."

"ಯಾರ್ ಮಾಡ್ಯಾರ ಆ ಕಾಯ್ದೆ?"

"ಆಟ ಮಾಡ್ದವ್ರು."

"ಅವರ ಹೊಲ್ದಾಗ ಹಕ್ಕಿ ಇದ್ದಿಲ್ಲೇನು?" ಮುದುಕಿ ಕವಣೆ ಕಸಿದುಕೊಂಡು ಎರಡು ಸುತ್ತು ಬೀಸಿ ಬಿಟ್ಟಳು. ಹೊಲದ ಆಚೆಯ ಅಂಚಿನಿಂದ ಹಿಂಡು ಹಿಂಡಾಗಿ ಎದ್ದವು. "ನಾ ಐವತ್ತು ವರ್ಷ ಒಗದೀನಿ. ಒಬ್ರೂ ಬಂದು ಎಣಿಸಿಲ್ಲ."

"ನೀ ಕಲಿಸಿದ್ದೇ ನನಗ ಅಡ್ಡ ಬರಾಕ ಹತ್ಯಾದ."

ಈ ಮಾತು ಮುದುಕಿಗೆ ನಾಟಿತು. ಇಡೀ ದಿನ ಅವಳು ಮೊಮ್ಮಗಳೊಡನೆ ಮಾತಾಡಲಿಲ್ಲವೆಂದೂ ಸಂಜೆ ಮಾತ್ರ ರೊಟ್ಟಿಯ ಗಂಟು ಕೈಗಿಟ್ಟಳೆಂದೂ ಪಾಂಡಪ್ಪ ಹೇಳಿದ. ಚಂದ್ರಾಬಾಯಿ ಈ ಭಾಗವನ್ನು ಹೇಳುವುದೇ ಇಲ್ಲ.

ಫೈನಲಿನ ದಿನ ಬೆಳಗಾಗುವ ಮೊದಲೇ ಬಾಡಿಗೆ ಗಾಡಿ ನಾರಾಯಣಖೇಡ ಬಿಟ್ಟಿತು. ತಾಂಡೂರಿನ ಮೈದಾನ ಪರಸಿ ಬಂಡೆ ಕೊಯ್ಯುವ ಕಾರ್ಖಾನೆಗಳ ಪಕ್ಕದಲ್ಲಿದೆ. ಗಿಡದ ಎಲೆಗಳ ಮೇಲೂ ಕೂತ ಮಂದಿಯ ಹೆಗಲ ಮೇಲೂ ಬಂಡೆಯ ಹಿಟ್ಟು. ಸುಣ್ಣದಲ್ಲಿ ಬರೆದ ವೃತ್ತ ಆ ಬಿಳುಪಿನಲ್ಲಿ ಕಾಣುವುದೇ ಕಷ್ಟವಾಗಿ, ಅಂಪೈರ್ ಆತ್ಮಾರಾಮ ಅದರ ಮೇಲೆ ನೀಲಿ ಪುಡಿಯಿಂದ ಇನ್ನೊಮ್ಮೆ ಬರೆಸಿದರು. ಹಿಂದಿನ ದಿನದ ಅಭ್ಯಾಸದಲ್ಲಿ ಶಿವಲಕ್ಷ್ಮಿ ಇಪ್ಪತ್ತಕ್ಕೆ ಹದಿನಾಲ್ಕು ಚೆಂಡನ್ನು ಒಂದೇ ಸುತ್ತಿಗೆ ಎಸೆದಿದ್ದಳು. ಆದ್ದರಿಂದ ಮೇಡಂ ಮಾತಿನಂತೆ ಮೊದಲನೆಯ ಚೆಂಡನ್ನು ಅವಳ ಕೈಗೆ ಕೊಟ್ಟರು.

ಅವಳು ಒಂದು ಸುತ್ತಿಗೆ ಎಸೆದಳು. ಚೆಂಡು ಮೆತ್ತಗೆ ಹೋಯಿತು. ತಾಂಡೂರಿನ ಹುಡುಗಿ ಅದನ್ನು ನೋಡಿ, ಅಳೆದು, ಬಾರಿಸಿದಳು. ಎರಡನೆಯವಳೂ ಬಾರಿಸಿದಳು. ಎರಡು ಓಟ ಆದವು. ಕೂತ ಮಂದಿಯಲ್ಲಿ ಯಾರೋ, "ಇದೇನಾ ಕಂಗ್ಟಿ ಕೈ? ಹುಗ್ಗಿ ಬಡಸ್ದಂಗ ಒಗೀತಾದ" ಎಂದರು. ನಗು ಎದ್ದಿತು. ಮುಂದಿನ ಎಸೆತಕ್ಕೆ ಅವಳ ಕೈ ಅವಳನ್ನು ಕೇಳದೆಯೇ ಎರಡು ಸುತ್ತು ತಿರುಗಿತು. ಚೆಂಡು ಬಸವೇಶ್ವರಿಯ ಕೈಗವಸಿಗೆ ಬಡಿದ ಸದ್ದು ಕಾರ್ಖಾನೆಯ ಗರಗಸದ ಸದ್ದಿನ ಮೇಲೆ ಕೇಳಿಸಿತು. ಆತ್ಮಾರಾಮ ಕೈ ಎತ್ತಿದರು. ಕೆಟ್ಟ ಎಸೆತ.

ಅವಳು ಮತ್ತೆ ಒಂದು ಸುತ್ತಿಗೆ ನಿಲ್ಲಿಸಲು ನೋಡಿದಳು. ನಿಲ್ಲಲಿಲ್ಲ. ಕೈ ಎತ್ತಿದರು. ಮತ್ತೆ. ಮತ್ತೆ. ಬ್ಯಾಟಿನವಳು ನಗುತ್ತ ಮೊದಲ ಬೇಸ್‌ಗೆ ನಡೆದಳು. ಮುಂದಿನವಳಿಗೆ ಎಸೆದದ್ದೂ ಹಾಗೆಯೇ ಆಯಿತು. ಅದು ಐದನೆಯದು.

ಆತ್ಮಾರಾಮ ಹತ್ತಿರ ಬಂದು, ಗದರದೆ, ಕನ್ನಡದಲ್ಲೇ ಹೇಳಿದರು: "ತಂಗಿ, ಇಂಥ ಕೈ ನಾ ನೋಡಿಲ್ಲ. ಖರೇನ ಹೇಳ್ತೀನಿ. ಆದ್ರ ಎರಡು ಸುತ್ತು ತಿರಗತಾದ. ನಾ ಏನ್ ಮಾಡ್ಲಿ?"

"ನನಗ ಗೊತ್ತದರಿ. ಕೈಗಿ ಗೊತ್ತಿಲ್ಲ."

ಮೇಡಂ ಮೈದಾನದೊಳಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಶಿವಲಕ್ಷ್ಮಿ, "ಇನ್ನೊಬ್ಬಾಕಿಗಿ ಒಗೀತೀನ್ರಿ ಮೇಡಂ. ಒಬ್ಬಾಕಿಗಿ" ಎಂದಳು.

"ಹೆಂಗ ಒಗೀತೀ?"

ಶಿವಲಕ್ಷ್ಮಿ ತನ್ನ ಬಲಗೈ ನೋಡಿಕೊಂಡಳು.

"ಚೆಂಡು ಸ್ವಾತಿಗಿ ಕೊಡು. ನೀ ಅಲ್ಲಿ ಹೋಗಿ ನಿಂದರು." ಮೇಡಂ ತೋರಿಸಿದ್ದು ಎಡಗಡೆಯ ದೂರದ ಮೂಲೆ. ಅಲ್ಲಿಗೆ ಚೆಂಡು ಬರುವುದು ಅಪರೂಪ. ಅಭ್ಯಾಸದಲ್ಲಿ ಕೈ ಸಾಲದವರನ್ನು ನಿಲ್ಲಿಸುತ್ತಿದ್ದ ಜಾಗ ಅದು.

ಮುಂದಿನ ಒಂದೂವರೆ ತಾಸು ನಾರಾಯಣಖೇಡದ ತಂಡ ಎಂದೂ ಆಡದಷ್ಟು ಚೆನ್ನಾಗಿ ಆಡಿತು. ಸ್ವಾತಿಯ ಚೆಂಡು ನಿಧಾನ, ಆದರೆ ನೇರ. ತಾಂಡೂರಿನವರು ಹೊಡೆದರು, ಹೊಡೆದದ್ದನ್ನೆಲ್ಲ ಇವರು ಹಿಡಿದರು. ಮೊದಲ ಮೂರು ಪಂದ್ಯಗಳಲ್ಲಿ ಚೆಂಡು ಮುಟ್ಟದೆಯೇ ಗೆದ್ದಿದ್ದ ಹುಡುಗಿಯರಿಗೆ ಅಂದು ಕೈತುಂಬ ಕೆಲಸ. ತಾಂಡೂರಿಗೆ ಇನ್ನೊಂದು ಓಟ ಮಾತ್ರ ಸಿಕ್ಕಿತು. ನಾರಾಯಣಖೇಡದವರು ಒಂದೊಂದಾಗಿ ನಾಲ್ಕು ಓಟ ಮಾಡಿದರು. ಆ ನಾಲ್ಕರಲ್ಲಿ ಶಿವಲಕ್ಷ್ಮಿಯದು ಒಂದೂ ಇಲ್ಲ. ಮೂರು ಸಲವೂ ಅವಳು ಸಿಟ್ಟಿನಲ್ಲಿ ಗಾಳಿಗೆ ಬ್ಯಾಟು ಬೀಸಿ ಬಂದಳು. ಮೂಲೆಯಲ್ಲಿ ನಿಂತು ಸ್ವಾತಿಯ ಪ್ರತಿ ಎಸೆತಕ್ಕೂ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು.

ಕೊನೆಯ ಸರದಿ. ನಾಲ್ಕಕ್ಕೆ ಮೂರು. ತಾಂಡೂರಿನ ಇನ್ನೊಬ್ಬಳು ಔಟಾದರೆ ಆಟ ಮುಗಿಯಿತು. ಆದರೆ ಅವರ ಒಬ್ಬ ಹುಡುಗಿ ಎರಡನೆಯ ಬೇಸಿನಲ್ಲಿ ಓಡಲು ತಯಾರಾಗಿ ನಿಂತಿದ್ದಳು. ಅವಳು ಹೋಮಿಗೆ, ಅಂದರೆ ಬಸವೇಶ್ವರಿ ಕುಳಿತ ಜಾಗಕ್ಕೆ, ಮುಟ್ಟಿದರೆ ಎರಡೂ ಕಡೆ ಸಮ.

ಸ್ವಾತಿ ಎಸೆದಳು. ಬ್ಯಾಟಿನವಳು ಎಡಮೂಲೆಗೆ ಬಾರಿಸಿದಳು. ಚೆಂಡು ಬಂಡೆಯ ಹಿಟ್ಟಿನ ನೆಲದಲ್ಲಿ ಜಾರಿ ಶಿವಲಕ್ಷ್ಮಿಯ ಕಡೆಗೆ ಬಂತು. ಅವಳು ಹಿಡಿಯುವಷ್ಟರಲ್ಲಿ ಓಟದವಳು ಮೂರನೆಯ ಬೇಸು ಮುಟ್ಟುತ್ತಿದ್ದಳು.

"ಮ್ಯಾಲಿಂದ ಒಗಿ" ಎಂದು ಮೇಡಂ ಕೂಗಿದರು. "ಮ್ಯಾಲಿಂದ, ಮ್ಯಾಲಿಂದ."

ಶಿವಲಕ್ಷ್ಮಿಯ ಕೈ ಮಗ್ಗುಲಲ್ಲಿ ಕೆಳಗಿನಿಂದ ಎದ್ದಿತು. ಒಂದು ಸುತ್ತು. ಮೂರನೆಯ ಬೇಸಿನ ಬಳಿ ನಿಂತಿದ್ದ ತಾಂಡೂರಿನ ತರಬೇತುದಾರ ಅದನ್ನು ಕಂಡು, ಕೆಳಗಿನಿಂದ ಎಸೆದ ಚೆಂಡು ಅಷ್ಟು ದೂರ ಬಾರದೆಂದು ನಂಬಿ, ತನ್ನ ಹುಡುಗಿಗೆ ನಿಲ್ಲದೆ ಓಡಲು ಕೈ ಬೀಸಿದ. ಎರಡನೆಯ ಸುತ್ತು. ಚೆಂಡು ಬಿಟ್ಟಳು. ಅದು ನೆಲ ಮುಟ್ಟದೆ ಇಡೀ ಮೈದಾನ ದಾಟಿ ಬಸವೇಶ್ವರಿಯ ಕೈಗವಸಿಗೆ ಬಂದು ಬಡಿಯಿತು. ಅವಳು ಈ ಸಲ ಕುಸಿಯಲಿಲ್ಲ. ಹೋಮಿಗೆ ಇನ್ನೆರಡು ಹೆಜ್ಜೆ ಇದ್ದ ಹುಡುಗಿಗೆ ಚೆಂಡು ಮುಟ್ಟಿಸಿದಳು.

ಆತ್ಮಾರಾಮ ಔಟ್ ಎಂದರು. ತಾಂಡೂರಿನ ತರಬೇತುದಾರ ಓಡಿಬಂದು ತೆಲುಗಿನಲ್ಲಿ ತಕರಾರು ತೆಗೆದ: ಕೈ ಎರಡು ಸುತ್ತು ತಿರುಗಿದೆ, ತಾವೇ ಬೆಳಿಗ್ಗೆ ಐದು ಸಲ ತಪ್ಪೆಂದಿರಿ. ಆತ್ಮಾರಾಮ ಅದೇ ಭಾಷೆಯಲ್ಲಿ ಶಾಂತವಾಗಿ ಉತ್ತರಿಸಿದರು. ಆ ನಿಯಮ ವೃತ್ತದೊಳಗೆ ನಿಂತವಳಿಗೆ ಮಾತ್ರ. ಹೊರಗೆ ನಿಂತವಳು ಹತ್ತು ಸುತ್ತು ತಿರುಗಿಸಿದರೂ ಕೇಳುವವರಿಲ್ಲ.

ಊರವರು ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ. ಬಹುಮಾನದ ಕಪ್, ಹಾರ, ಕುಣಿತ, ಗಾಡಿಯ ಮೇಲೆ ಕೂತು ಜಹೀರಾಬಾದಿನ ಪೇಟೆಯಲ್ಲಿ ಕೂಗುತ್ತ ಬಂದದ್ದು. ಆಡಿದ ನಾಲ್ಕೂ ಪಂದ್ಯ ಗೆದ್ದ ತಂಡ ಆ ಭಾಗದಲ್ಲಿ ಬೇರೆ ಇರಲಿಲ್ಲ. ಆದರೆ ವೃತ್ತದ ಹೊರಗೆ ನಿಂತವಳ ಕುರಿತು ಅಂಪೈರ್ ಹೇಳಿದ ಮಾತನ್ನು ಶಿವಲಕ್ಷ್ಮಿಯೂ ಕೇಳಿಸಿಕೊಂಡಿದ್ದಳು. ಗಾಡಿಯಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸ್ವಾತಿ ತನ್ನ ಕೊರಳಿನ ಹಾರ ತೆಗೆದು ಅವಳಿಗೆ ಹಾಕಲು ಹೋದಳು.

"ತಗೀ ಅದನ್ನ."

"ಗೆದ್ದೀವಿ ಶಿವೀ. ನೀನೇ ಗೆಲ್ಸೀದಿ."

"ನೀ ಗೆಲ್ಸೀದಿ. ಆರು ಸರದಿ ಒಗದಾಕಿ ನೀನು. ನಾ ಮೂಲ್ಯಾಗ ಹಕ್ಕಿ ಕಾದೀನಿ."

ಸ್ವಾತಿ ಹಾರವನ್ನು ಬಸವೇಶ್ವರಿಗೆ ಹಾಕಿದಳು. ತಂಡದ ಪಟದಲ್ಲಿ ಹೆಸರು ಬರೆಸುವಾಗ ಮೇಡಂ ಕೇಳಿದರಂತೆ, ಶಿವಲಕ್ಷ್ಮಿಯ ಹೆಸರಿನ ಮುಂದೆ ಪಿಚರ್ ಎಂದೇ ಬರೆಸಲೇ ಎಂದು. ಮೂರು ಪಂದ್ಯಗಳಲ್ಲಿ ಅವಳೇ ಎಸೆದವಳಲ್ಲವೇ. "ಆ ಮೂರೂ ತಪ್ಪೇ ಇದ್ವಲ್ರಿ" ಎಂದು ಹುಡುಗಿ ಹೇಳಿದ್ದಕ್ಕೆ ಮೇಡಂ ಮತ್ತೆ ಕೇಳಲಿಲ್ಲ. ಪಟ ಈಗ ಪ್ರಾಂಶುಪಾಲರ ಕೋಣೆಯ ಹೊರಗೆ ತೂಗುತ್ತಿದೆ. ಅವಳ ಹೆಸರಿನ ಮುಂದೆ ಏನೂ ಇಲ್ಲ.

ಹಕ್ಕಿ ಕಾಯುವವರ ಹಾಡು ಬರೆದುಕೊಳ್ಳಲು ನಾನು ಚಂದ್ರಾಬಾಯಿಯ ಹೊಲಕ್ಕೆ ಹೋದದ್ದು ಈ ಪಂದ್ಯವಾದ ಮೂರು ವಾರಕ್ಕೆ. ಜೋಳ ಬಲಿತಿತ್ತು. ಮುದುಕಿ ಎರಡು ಹಾಡು ಹೇಳಿ, ಮೂರನೆಯದರ ನಡುವೆ ನಿಲ್ಲಿಸಿ, ಹೊಲದ ಬದುವಿನ ಕಡೆ ಕೈ ತೋರಿಸಿದಳು. ಅಲ್ಲಿ ಬೇವಿನ ಮರಕ್ಕೆ ಒಂದು ಪರಸಿ ಬಂಡೆ ಆನಿಸಿತ್ತು. ಅದರ ಮೇಲೆ ಇದ್ದಿಲಿನಿಂದ ಬರೆದ ಒಂದು ಚೌಕ. ಇತ್ತ, ಅಳೆದು ಗೆರೆ ಕೊರೆದ ಜಾಗದಲ್ಲಿ, ಶಿವಲಕ್ಷ್ಮಿ ಹಳದಿ ಚೆಂಡು ಹಿಡಿದು ನಿಂತಿದ್ದಳು.

"ಊರಿಗಿ ಬಂದಾಗೊಮ್ಮಿ ಇನ್ನೂರು ಒಗೀತಾಳ" ಎಂದಳು ಚಂದ್ರಾಬಾಯಿ. "ಹೈರಾಣ ಆಗ್ಯಾಳ. ಆ ಕೈ ನಾ ಮಾಡಿದ್ದು. ಈಗ ಅದನ್ನ ಮುರದು ಬ್ಯಾರೆ ಮಾಡಾಕ ಹತ್ಯಾಳ."

ನಾನು ಹತ್ತಿರ ಹೋಗಿ, ತಾಂಡೂರಿನವರು ಏಳು ಸುತ್ತೆನ್ನುತ್ತಾರೆ ಎಂದು ಹೇಳಿದೆ. ಅವಳು ನಗಲಿಲ್ಲ.

"ಎರಡು ಅಂತ ಬರ್ಕೋರಿ. ಹಂಗೇ ಬರೀಬೇಕಂದ್ರ ಆ ಒಂದು ಚೆಂಡಿಂದು ಬರೀಬ್ಯಾಡ್ರಿ. ಆ ಐದು ತಪ್ಪು ಚೆಂಡಿಂದು ಬರೀರಿ. ಅವು ನಾ ಪಿಚರ್ ಇದ್ದಾಗ ಒಗದಿದ್ದು."

"ಬರುವ ವರ್ಷ ಮತ್ತೆ ಆಡುತ್ತೀಯಲ್ಲ?"

"ಮೇಡಂ ಅಂದಾರ, ಮೂಲ್ಯಾಗ ನಿಂದ್ರು, ಅಲ್ಲಿ ನಿನ್ನಂಥಾಕಿ ಬೇಕು ಅಂತ." ಅವಳು ಚೆಂಡಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿದಳು. "ನಾ ಮೂಲ್ಯಾಗ ನಿಂದ್ರಂಗಿಲ್ಲ."

"ಇಂದು ಎಷ್ಟಾಯಿತು?"

"ನೂರಾ ಹನ್ನೊಂದು. ಒಂದು ಸುತ್ತಿಗಿ ಚೌಕದಾಗ ಬಿದ್ದಿದ್ದು ಒಂಬತ್ತು."

ಅವಳು ಗೆರೆಯ ಮೇಲೆ ಪಾದ ಇಟ್ಟಳು. ಅಟ್ಟಣಿಗೆಯ ಮೇಲೆ ಮುದುಕಿ ಹಾಡುವುದನ್ನು ಬಿಟ್ಟು ನೋಡುತ್ತಿದ್ದಳು. ನಾನೂ ಬರೆಯುವುದನ್ನು ನಿಲ್ಲಿಸಿದ್ದೆ. ಕೈ ಕೆಳಗಿನಿಂದ ಎದ್ದು ಒಂದು ಸುತ್ತು ಬಂತು, ಚೆಂಡು ಬಿಡಬೇಕಾದ ಜಾಗ ದಾಟಿತು, ಎರಡನೆಯ ಸುತ್ತಿಗೆ ಮೇಲೇರತೊಡಗಿತು. ಶಿವಲಕ್ಷ್ಮಿ ಅದನ್ನು ಎಡಗೈಯಿಂದ ಹಿಡಿದು ನಿಲ್ಲಿಸಿದಳು, ಹಲ್ಲು ಕಚ್ಚಿ ಏನೋ ಬೈದಳು, ಮತ್ತೆ ಗೆರೆಗೆ ಬಂದು ನಿಂತಳು.

"ಇದು ಎಣಿಕ್ಯಾಗಿಲ್ಲ" ಎಂದಳು.